ವಸ್ತಿ ಬಸ್ಸು ನಿಲ್ಲುತ್ತಿದ್ದ ಕೆರೆ

ಜೂನಿನಲ್ಲಿ ಮಿರಗದ ಮಳೆ ಶುರುವಾದರೆ ಸಾಕು, ಬೆಳಗಾವಿ ಶಹಾಪುರದ ನಮ್ಮ ಓಣಿಯಲ್ಲಿ ಗಣಪತಿ ಮಾಡುವವರು ತಗಡಿನ ಶೆಡ್ಡು ಹಾಕಿ ಮಣ್ಣು ಕಲಸಲು ಕೂಡುತ್ತಾರೆ. ಮೊನ್ನೆ ಹಾಲು ತರಲು ಹೊರಟವನು ಆ ಶೆಡ್ಡಿನ ಮುಂದೆ ನಿಂತುಬಿಟ್ಟೆ. ಮಳೆ ಹನಿಯುತ್ತಿತ್ತು. ಒಳಗೆ ಇಬ್ಬರು ಗೋಡೆ ಹಿಡಿದುಕೊಂಡು ಮಣ್ಣು ತುಳಿಯುತ್ತಿದ್ದರು. ಹೊಸ ಮಳೆಗೆ ನೆಲದಿಂದ ಏಳುವ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ಇದು ಆ ಜಾತಿಯದಲ್ಲ. ಇದರಲ್ಲಿ ಕೊಳೆತ ಎಲೆಯಿತ್ತು, ಸ್ವಲ್ಪ ಮೀನಿತ್ತು. ಕೆರೆಯ ತಳದ ಮಣ್ಣಿನ ವಾಸನೆ ಅದು, ಮೂಗಿಗೆ ಹಿತವೇನೂ ಅಲ್ಲ.

"ಏನ್ ಬೇಕಿತ್ರಿ ಕಾಕಾ?" ಎಂದು ತುಳಿಯುತ್ತಿದ್ದವರಲ್ಲಿ ಒಬ್ಬ ಕೇಳಿದ.

"ಏನಿಲ್ಲಪಾ, ಮಳಿ ನಿಲ್ಲಲಿ ಅಂತ ನಿಂತೀನಿ" ಎಂದೆ. ಕೈಯಲ್ಲಿ ಛತ್ರಿ ಇತ್ತು. ಅವನು ಛತ್ರಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ತುಳಿಯತೊಡಗಿದ.

ನಾನು ಬಸ್ ಕಂಡಕ್ಟರ್ ಆಗಿದ್ದವನು, ಹೆಸರು ಈರಣ್ಣ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಪವರ್‌ಲೂಮಿನ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ಆಗಲೂ ಇದ್ದೆ, ನಿವೃತ್ತನಾದ ಮೇಲೆ ಈಗಲೂ ಇದ್ದೇನೆ. ಕೆಳಗೆ ಮಗ್ಗಗಳು ಹಗಲೆಲ್ಲ ಖಟಖಟ ಎನ್ನುತ್ತವೆ. ಸಂಜೆ ಅವು ನಿಂತಾಗ ಕೋಣೆಯಲ್ಲಿ ನಾನೊಬ್ಬನೇ ಎಂಬುದು ಗೊತ್ತಾಗುತ್ತದೆ. ಅದಕ್ಕೇ ನೌಕರಿಯಲ್ಲಿದ್ದಾಗ ವಸ್ತಿ ಡ್ಯೂಟಿಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ವಸ್ತಿ ಬಸ್ಸೆಂದರೆ ಸಂಜೆ ಪೇಟೆಯಿಂದ ಹೊರಟು, ಕೊನೆಯ ಹಳ್ಳಿ ಮುಟ್ಟಿ, ರಾತ್ರಿ ಅಲ್ಲೇ ಉಳಿದು, ಬೆಳಗಾದ ಮೇಲೆ ಆ ಹಳ್ಳಿಯ ಜನರನ್ನು ಪೇಟೆಗೆ ಕರೆತರುವ ಬಸ್ಸು. ಡ್ರೈವರ್ ಕಂಡಕ್ಟರ್ ಇಬ್ಬರೂ ಅದರೊಳಗೇ ಮಲಗಬೇಕು. ಸಂಸಾರಸ್ಥರು ವಸ್ತಿ ಎಂದರೆ ಮುಖ ಸಿಂಡರಿಸುತ್ತಿದ್ದರು. "ಈರಣ್ಣಗೇನ್ರಿ, ಹಿಂದಿಲ್ಲ ಮುಂದಿಲ್ಲ" ಎಂದು ಡಿಪೋದಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನಷ್ಟು ಮಾತಾಡುತ್ತಾರೆ.

ಈಗ ಹೇಳುತ್ತಿರುವುದು ನನ್ನ ನೌಕರಿ ಮುಗಿಯುವುದಕ್ಕೆ ತುಸು ಮುಂಚಿನ ಒಂದು ಬೇಸಿಗೆ ಮತ್ತು ಅದರ ಬೆನ್ನಿಗೇ ಬಂದ ಮಳೆಗಾಲದ ಮಾತು. ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಪಾರಿಶ್ವಾಡ, ಪಾರಿಶ್ವಾಡದಿಂದ ಇನ್ನಷ್ಟು ಒಳಗೆ ಒಂದು ಸಣ್ಣ ಊರು. ಬಸ್ಸಿನ ಬೋರ್ಡಿನ ಮೇಲೆ ಪಾರಿಶ್ವಾಡ ಎಂದಷ್ಟೇ ಇರುತ್ತಿತ್ತು. ಈ ಊರಿನ ಹೆಸರು ಬರೆಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ, ಹಾಗಾಗಿ ನಾನೂ ಬರೆಯುವುದಿಲ್ಲ. ರಸ್ತೆ ಕೆರೆಗೆ ಬಂದು ಮುಗಿಯುತ್ತಿತ್ತು. ಕೆರೆಯ ಒಂದು ಮೂಲೆಯಲ್ಲಿ ಬಸ್ಸು ತಿರುಗಿಸುವಷ್ಟು ಗಟ್ಟಿ ನೆಲ, ಅದರ ಅಂಚಿಗೆ ಇಮಾಮಸಾಬರ ಚಹಾದಂಗಡಿ. ಆ ನೆಲದ ಮೇಲೆ ನಮ್ಮ ಬಸ್ಸು ಮುಖವನ್ನು ಊರಿಗೆ, ಬೆನ್ನನ್ನು ಗುಡ್ಡಕ್ಕೆ ಮಾಡಿ ನಿಲ್ಲುತ್ತಿತ್ತು.

ಆ ಊರಲ್ಲಿ ಒಂದು ರೂಢಿಯಿತ್ತು. ವಸ್ತಿ ಬಸ್ಸಿನವರ ಸಂಜೆಯ ಊಟ ಊರಿನದು, ಪಾಳಿಯ ಪ್ರಕಾರ ದಿನಕ್ಕೊಂದು ಮನೆಯದು. ಲಿಂಗಾಯತರ ಮನೆಯೋ, ಮರಾಠರ ಮನೆಯೋ, ಇಮಾಮಸಾಬರ ಮನೆಯೋ, ಯಾವುದಾದರೂ ಸರಿ, ನಾವು ಬಸ್ಸು ನಿಲ್ಲಿಸಿ ಮುಖ ತೊಳೆಯುವಷ್ಟರಲ್ಲಿ ಯಾರೋ ಒಬ್ಬರು ಬಟ್ಟೆಯ ಗಂಟು ಹಿಡಿದು ಬಂದು "ಇವತ್ತ ನಮ್ಮ ಪಾಳಿ ರೀ" ಎನ್ನುತ್ತಿದ್ದರು. ಬುತ್ತಿ ಯಾವಾಗಲೂ ಇಬ್ಬರದೂ ಒಂದೇ ಗಂಟಿನಲ್ಲಿ. ಡ್ರೈವರ್ ಪರಶರಾಮ ಜಾಂಬೋಟಿ ಕಡೆಯವನು, ಮಳೆ ಮತ್ತು ಅನ್ನ ಎರಡೇ ಕಂಡು ಬೆಳೆದವನು, ಮನೆಯಲ್ಲಿ ಮರಾಠಿ. ರೊಟ್ಟಿ ಕಂಡರೆ ಅವನ ಮುಖ ಗಂಟಾಗುತ್ತಿತ್ತು. "ಅರೇ ಬಾಬಾ, ಇದನ್ನ ನುಂಗೂದಲ್ಲ, ಇದರ ಕೂಡ ಜಗಳಾ ಆಡೂದು" ಎನ್ನುತ್ತಿದ್ದ. ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿದರೆ ಮಾತ್ರ ರೊಟ್ಟಿ ಅವನ ಗಂಟಲಿಗಿಳಿಯುತ್ತಿತ್ತು. ಹಾಗಾಗಿ ರಂಜಕವೆಲ್ಲ ಅವನ ಪಾಲು, ಮೊಸರೆಲ್ಲ ನನ್ನ ಪಾಲು. ಈ ಒಪ್ಪಂದ ಯಾರೂ ಮಾತಾಡಿ ಮಾಡಿಕೊಂಡದ್ದಲ್ಲ.

ಯಾರೋ ನನ್ನ ಹಾದಿ ನೋಡುತ್ತಾರೆ ಎಂಬುದು ದಿನದಲ್ಲಿ ಆ ಹೊತ್ತಿಗೆ ಮಾತ್ರ ನಿಜವಾಗುತ್ತಿತ್ತು. ನೋಡುತ್ತಿದ್ದದ್ದು ಬಸ್ಸಿನ ಹಾದಿ, ನನ್ನದಲ್ಲ ಎಂದು ಗೊತ್ತಿದ್ದರೂ ನಾನು ಅದನ್ನು ನನ್ನದೇ ಎಂದುಕೊಳ್ಳುತ್ತಿದ್ದೆ.

ಕೆರೆ ಆಗ ಕೆರೆಯಂತಿರಲಿಲ್ಲ. ಮೇಲೆಲ್ಲ ಅಂತರಗಂಗಿ ಕಳೆ ಹಬ್ಬಿ ಹಸಿರು ಹೊಲದಂತೆ ಕಾಣುತ್ತಿತ್ತು. ಊರಿನ ಗಟಾರದ ನೀರು ಬಂದು ಬೀಳುತ್ತಿತ್ತು, ದಂಡೆಗೆ ಪ್ಲಾಸ್ಟಿಕ್ ಚೀಲ, ಕಬ್ಬಿನ ಒಣಗರಿಯ ರವದಿ. ನಾವೇನು ಕಡಿಮೆ ಇರಲಿಲ್ಲ, ಪರಶರಾಮ ದಿನಾ ಬೆಳಿಗ್ಗೆ ಅದೇ ನೀರು ಎತ್ತಿ ಬಸ್ಸು ತೊಳೆದು, ಎಣ್ಣೆಯ ನೀರನ್ನು ಮತ್ತೆ ಅದಕ್ಕೇ ಬಿಡುತ್ತಿದ್ದ. ಹೂಳು ತುಂಬಿ ಮೊಣಕಾಲುದ್ದವೂ ಆಳವಿಲ್ಲದ್ದರಿಂದ ಅಷ್ಟು ಗಟಾರದ ನೀರಿಗೇ ಕೆರೆ ತುಂಬಿದಂತೆ ಕಾಣುತ್ತಿತ್ತು. ನೋಡಿದವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು, ಅಷ್ಟೇ.

ಎಲ್ಲ ಶುರುವಾದದ್ದು ನೀಲಕ್ಕನ ಎಮ್ಮೆಯಿಂದ. ನೀಲಕ್ಕ ಹೆಣ್ಣುಮಕ್ಕಳ ಸಂಘದ ಮುಂದಾಳು, ದನಿ ಎತ್ತಿದರೆ ನಮ್ಮ ಬಸ್ಸಿನ ಹಾರ್ನು ಬೇಕಾಗುತ್ತಿರಲಿಲ್ಲ. ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರಿದ ಒಂದು ಬೆಳಿಗ್ಗೆ ಅವಳ ಎಮ್ಮೆ ಅಂತರಗಂಗಿಯನ್ನು ಮೇವೆಂದುಕೊಂಡು ಇಳಿದು ಹೂಳಿನಲ್ಲಿ ಹೊಟ್ಟೆಯವರೆಗೆ ಹೂತುಹೋಯಿತು. ಬಸ್ಸು ಹತ್ತಿ ಕೂತಿದ್ದವರೆಲ್ಲ ಇಳಿದು ಬಂದು ಹಗ್ಗ ಹಿಡಿದರು. ಕಾಲೇಜಿಗೆ ಹೊರಟಿದ್ದ ಹುಡುಗಿಯರೂ ಚೂಡಿದಾರ ಎತ್ತಿ ಕಟ್ಟಿ ಎಳೆದರು. ಎಮ್ಮೆ ಉಳಿಯಿತು. ಖಾನಾಪುರಕ್ಕೆ ತಡವಾಗಿ ಮುಟ್ಟಿದ್ದಕ್ಕೆ ನನಗೆ ಮೆಮೊ ಬಂತು. ಕಾರಣ ಕೇಳಿದ್ದಕ್ಕೆ "ಎಮ್ಮೆ" ಎಂದು ಬರೆದುಕೊಟ್ಟೆ, ಮೇಲಿನವರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಆ ಸಂಜೆ ನಾವು ಮರಳುವಷ್ಟರಲ್ಲಿ ಚಹಾದಂಗಡಿಯ ಮುಂದೆ ಊರೇ ಕೂಡಿತ್ತು. ಕೆರೆ ಹೂಳೆತ್ತುವುದು, ಸರಕಾರದ ಹಾದಿ ಕಾಯುವುದು ಬೇಡ, ಮನೆಗೊಂದು ಆಳು ಬರಬೇಕು ಎಂದು ತೀರ್ಮಾನವಾಗುತ್ತಿತ್ತು. ಆ ಊರಲ್ಲಿ ಏನೇ ಕೆಲಸವಿರಲಿ ಅದೇ ಲೆಕ್ಕ. ಶಾಲೆಯ ಗೋಡೆ ಕಟ್ಟಿದ್ದೂ ಹಾಗೇ, ಸ್ಮಶಾನದ ಹಾದಿ ಮಾಡಿದ್ದೂ ಹಾಗೇ. ನೀಲಕ್ಕ ಒಂದೊಂದೇ ಮನೆಯ ಹೆಸರು ಕೂಗುತ್ತ ಹೋದಳು, ಕೊನೆಗೆ ನಮ್ಮ ಕಡೆ ತಿರುಗಿದಳು.

"ಬಸ್ಸಿನ ಮನಿ?"

ಜನ ನಕ್ಕರು. ಅವಳು ನಗಲಿಲ್ಲ. "ನಗ್ತೀರ್ಯಾಕ? ದಿನಾ ನಮ್ಮ ಒಲಿ ಮ್ಯಾಲ ಅವರ ರೊಟ್ಟಿ ಬೇಯತೈತಿ. ಬಸ್ಸೂ ಈ ಊರಾಗ ಒಂದ ಮನೀನ. ಹೇಳ್ರಿ ಕಂಡಕ್ಟರ್ ಸಾಹೇಬ್ರ, ಬಸ್ಸಿನ ಮನಿಯಿಂದ ಆಳ ಬರತೈತೋ ಇಲ್ಲೋ?"

"ಬರತೈತ್ರಿ" ಎಂದೆ. ಹೆಂಡತಿ ಹೋದ ಮೇಲೆ ನನ್ನನ್ನು ಯಾರೂ ಒಂದು ಮನೆಯೆಂದು ಎಣಿಸಿರಲಿಲ್ಲ. ರೇಷನ್ ಅಂಗಡಿಯವನು ಕೂಡ "ಒಬ್ಬರs ಏನ್ರಿ?" ಎಂದು ಕೇಳುತ್ತಿದ್ದ.

ಆ ಬೇಸಿಗೆಯಲ್ಲಿ ನಾನು ಬದುಕಿದಷ್ಟು ಮತ್ತೆಂದೂ ಬದುಕಿಲ್ಲ. ಬಸ್ಸು ನಿಲ್ಲಿಸಿ, ಖಾಕಿ ಅಂಗಿ ಕಳಚಿ ಸೀಟಿನ ಮೇಲೆ ಹಾಕಿ, ಬನಿಯನ್ನಿನ ಮೇಲೆ ಇಳಿಯುತ್ತಿದ್ದೆ. ಬಿಸಿಲು ತಣ್ಣಗಾದ ಹೊತ್ತು, ಇನ್ನೂ ಬೆಳಕಿರುತ್ತಿತ್ತು. ಮೊದಲು ಅಂತರಗಂಗಿ ಕಿತ್ತು ದಂಡೆಗೆ ಗುಡ್ಡೆ ಹಾಕಿದೆವು. ಅದು ಕೊಳೆತು ನಾರತೊಡಗಿದಾಗ ಊಟವೇ ಸೇರುತ್ತಿರಲಿಲ್ಲ. ಆಮೇಲೆ ಹೂಳು. ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದು. ನನ್ನ ಎಡಕ್ಕೆ ಇಮಾಮಸಾಬರು, ಬಲಕ್ಕೆ ಆ ದಿನ ಯಾರು ಬಂದರೆ ಅವರು. ಹೂಳಿನೊಳಗಿಂದ ಬಳೆ ಚೂರು, ಮಡಕೆ, ಗಣಪತಿ ಕೂಡಿಸುತ್ತಿದ್ದ ಕಟ್ಟಿಗೆಯ ಮಣೆ, ಮೊಹರಮ್ಮಿನ ಡೋಲಿಯ ಬಿದಿರು ಎಲ್ಲ ಬಂದವು. ಇಮಾಮಸಾಬರು ಮಣೆಯನ್ನೂ ಬಿದಿರನ್ನೂ ಒಟ್ಟಿಗೆ ಒರಗಿಸಿಟ್ಟು, "ನೋಡ್ರಿ ಈರಣ್ಣಾರ, ಮ್ಯಾಲ ನಾವು ಬ್ಯಾರೆ ಬ್ಯಾರೆ ದಿನಾ ಬಂದ ಬಿಟ್ಟ ಹೋಗ್ತೀವಿ. ಇವು ಕೆಳಗ ಕೂಡೇ ಕುಂತಾವು" ಎಂದರು. ಮುಂದೆ ವಿಸರ್ಜನೆಗೆಂದು ಬಾಜುದಲ್ಲಿ ಬೇರೆ ಹೊಂಡ ತೋಡುವುದೆಂದು ಅವತ್ತೇ ಮಾತಾಯಿತು. ತೆಗೆದ ಹೂಳನ್ನು ಟ್ರ್ಯಾಕ್ಟರಿನವರು ತಮ್ಮ ತಮ್ಮ ಹೊಲಕ್ಕೆ ಒಯ್ಯುತ್ತಿದ್ದರು, ಕರಿ ಮಣ್ಣು ಕಂಡು ಅವರೊಳಗೇ ಜಗಳ.

ಪರಶರಾಮ ಮೊದಮೊದಲು ಬಸ್ಸಿನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. "ಮನಿಗೊಂದ ಆಳು ಅಂದಾರ, ಎರಡ ಅಂದಿಲ್ಲ" ಎನ್ನುತ್ತಿದ್ದ. ಕೆಲ ದಿನ ಕಳೆದ ಮೇಲೆ ತಾನೇ ಇಳಿದು ಬಂದ. ಬಸ್ಸು ತೊಳೆಯುವುದನ್ನೂ ಬಿಟ್ಟ. ಡಿಪೋದಲ್ಲಿ ಕೇಳಿದರೆ "ನಮ್ಮ ಕೆರ್‍ಯಾಗ ಗಾಡಿ ತೊಳಿಯೂದ ಬಂದ್ ಮಾಡೇವಿ" ಎಂದು ಹೇಳಿದನಂತೆ. ನಮ್ಮ ಕೆರೆ ಎಂದ ಎಂಬುದನ್ನು ನಾನು ಬಹಳ ದಿನ ನೆನೆಸಿಕೊಂಡು ನಕ್ಕೆ.

ಮಿರಗ ಬರುವಷ್ಟರಲ್ಲಿ ಕೆರೆ ಆಳವಾಗಿ, ಬೋಳಾಗಿ, ತೊಳೆದಿಟ್ಟ ಕೊಪ್ಪರಿಗೆಯಂತೆ ಬಾಯಿ ತೆರೆದು ನಿಂತಿತ್ತು. ಗಟಾರದ ನೀರನ್ನು ಬೇರೆ ಕಡೆ ತಿರುಗಿಸಿದ್ದರು. ಇನ್ನು ಮಳೆಯದೊಂದೇ ಬಾಕಿ. ಮಳೆಯೂ ಬಂತು. ಸಂಜೆ ಹಿಡಿದದ್ದು ಬೆಳಗಿನವರೆಗೆ ಬಿಡಲಿಲ್ಲ. ಬೆಳಕು ಹರಿದಾಗ ನಾನು ಕೆರೆ ನೋಡಲು ಅವಸರದಿಂದ ಬಸ್ಸಿನ ಬಾಗಿಲು ತೆರೆದರೆ ಕಾಲು ನೀರಿಗಿಳಿಯಿತು. ನೀರು ಬಸ್ಸಿನ ಗಾಲಿಯ ಸುತ್ತ ನಿಂತಿತ್ತು. ಕೆರೆಯೊಳಗೆ ಮಾತ್ರ ತಳ ತೋಯುವಷ್ಟೇ.

ಸುತ್ತ ನಡೆದು ನೋಡಿದೆ. ಒಗಟೇನೂ ಇರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು. ಗುಡ್ಡದಿಂದ ಕೆಂಪು ನೀರು ಭರದಿಂದ ಇಳಿದು ಬರುತ್ತಿತ್ತು. ನೇರ ಬಂದರೆ ಕೆರೆ. ಆದರೆ ನಡುವೆ ನಮ್ಮ ಬಸ್ಸು ನಿಂತ ಎತ್ತರದ ನೆಲ ಅಡ್ಡವಿತ್ತು. ನೀರು ಬಂದು ಅದಕ್ಕೆ ಬಡಿದು, ಹೊರಳಿ, ರಸ್ತೆಗುಂಟ ಓಡಿ, ಊರ ಕೆಳಗಿನ ಹಳ್ಳಕ್ಕೆ ಹೋಗಿಬಿಡುತ್ತಿತ್ತು. ಇಷ್ಟು ವರ್ಷ ಗಟಾರದ ನೀರನ್ನು ನೋಡಿ ಎಲ್ಲರೂ ಕೆರೆ ತುಂಬಿದೆ ಎಂದುಕೊಂಡಿದ್ದರು. ಗುಡ್ಡದ ನೀರು ಕೆರೆಗೆ ಬಂದೇ ಇರಲಿಲ್ಲ.

ಕೊಡೆ ಹಿಡಿದು ಬಂದ ಇಮಾಮಸಾಬರಿಗೆ ತೋರಿಸಿದೆ. ಅವರು ಆ ನೆಲವನ್ನು ಕಾಲಿನಿಂದ ಒತ್ತಿ ನೋಡಿದರು.

"ಈ ನೆಲಾ ನಾವ ಹಾಕಿದ್ದರೀ" ಎಂದರು ಆಮೇಲೆ. "ಬಸ್ ಮೊದಲ ಬಂದಾಗ ತಿರಗಾಕ ಜಾಗಾ ಇಲ್ಲ, ವಸ್ತಿ ಕೊಡೂದಿಲ್ಲ ಅಂದ್ರು. ಮನಿಗೊಂದ ಗಾಡಿ ಕಲ್ಲ ಮಣ್ಣ ತಂದ ಕೆರಿ ಮೂಲಿ ಮುಚ್ಚಿದಿವಿ. ನಮ್ಮ ಬಿದ್ದ ಮನಿ ಗ್ವಾಡಿ ಮಣ್ಣೂ ಇದರಾಗ ಐತಿ. ಅವತ್ತ ಊರೆಲ್ಲಾ ಸಕ್ಕರಿ ಹಂಚಿದ್ವಿ."

ಮೊದಲು ಆ ನೆಲದ ಕೆಳಗೆ ಒಂದು ಸಿಮೆಂಟ್ ಪೈಪು ಹೂತು ನೋಡಿದರು. ಮುಂದಿನ ಮಳೆಗೇ ರವದಿ ಸಿಕ್ಕಿ ಕಟ್ಟಿಕೊಂಡಿತು. ಉಳಿದದ್ದು ಒಂದೇ ದಾರಿ, ನೆಲವನ್ನೇ ಅಗೆದು ತೆಗೆಯುವುದು. ಮತ್ತೆ ಸಭೆ ಕೂಡಿತು, ಈ ಸಲ ಶಾಲೆಯ ಪಡಸಾಲೆಯಲ್ಲಿ, ಹೊರಗೆ ಧೋ ಎಂದು ಮಳೆ.

ಇಮಾಮಸಾಬರೇ ಮೊದಲು ಸಿಟ್ಟಾದರು. "ಅಂಗಡಿ ಹೋದ್ರ ಹೋಗ್ಲಿ, ಕ್ರಾಸಿನ್ಯಾಗ ಇಟಗೋತೀನಿ. ಬಸ್ ಹೋದ್ರ? ಹೆಣಮಕ್ಕಳ ಕಾಲೇಜಿಗೆ ಹ್ಯಾಂಗ ಹೋಗೂದು?" ಎಂದರು. ಅದು ಎಲ್ಲರ ಮಾತೂ ಆಗಿತ್ತು. ಕೆರೆಗಾಗಿ ಬಸ್ಸು ಬಿಡಲು ಯಾರೂ ತಯಾರಿರಲಿಲ್ಲ, ಬಿಡಬೇಕೆಂದು ಹೇಳುವ ಬಾಯಿ ನೀಲಕ್ಕನಿಗೂ ಇರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. "ನೀವ ಹೇಳ್ರಿ. ನೆಲಾ ತಗದ್ರ ಬಸ್ ಬರತೈತೋ ಇಲ್ಲೋ?"

ಉತ್ತರ ನನಗೆ ಗೊತ್ತಿತ್ತು. ಊರ ಹೊರಗಿನ ಕ್ರಾಸಿನಲ್ಲಿ ರಸ್ತೆ ಅಗಲವಿತ್ತು, ಬಸ್ಸು ಅಲ್ಲಿ ಆರಾಮಾಗಿ ತಿರುಗುತ್ತಿತ್ತು. ಆದರೆ ಸುತ್ತ ಮನೆಯಿಲ್ಲದ ಜಾಗದಲ್ಲಿ ಬಸ್ಸನ್ನು ರಾತ್ರಿ ನಿಲ್ಲಿಸಲು ಡಿಪೋದಲ್ಲಿ ಒಪ್ಪುವುದಿಲ್ಲ. ಬೆಳಗಿನ ಬಸ್ಸು ಖಾನಾಪುರದಿಂದಲೇ ಹೊರಟು ಬರುತ್ತದೆ.

"ಬಸ್ ಬರತೈತ್ರಿ. ಮುಂಜಾನೀನೂ ಬರತೈತಿ, ಸಂಜೀಕೂ ಬರತೈತಿ" ಎಂದೆ. "ವಸ್ತಿ ಒಂದ ಇರೂದಿಲ್ಲ."

"ವಸ್ತಿ ಇಲ್ಲಂದ್ರ ನಮಗೇನ ತ್ರಾಸ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಿಮಗೇನೂ ತ್ರಾಸ ಇಲ್ಲ" ಎಂದೆ.

ಸಭೆ ಹಗುರಾಯಿತು. ಬಸ್ಸು ಬರುತ್ತದಂತೆ, ಇನ್ನೇನು ಬೇಕು! ನಗೆ, ಮಾತು, ಚಹಾ ಎಲ್ಲ ಶುರುವಾಯಿತು. ಬಸ್ಸು ಬರುವುದಿಲ್ಲ ಎಂದು ಸುಳ್ಳು ಹೇಳಿದ್ದರೆ ನೆಲ ಉಳಿಯುತ್ತಿತ್ತು, ವಸ್ತಿಯೂ ಉಳಿಯುತ್ತಿತ್ತು. ಆದರೆ ಆ ಬೋಳು ಕೆರೆಯನ್ನು ದಿನಾ ನೋಡುತ್ತ ರೊಟ್ಟಿ ತಿನ್ನುವುದು ನನ್ನಿಂದ ಆಗುತ್ತಿರಲಿಲ್ಲ. ನೀಲಕ್ಕ ಮಾತ್ರ ನಗುವವರ ನಡುವೆ ನನ್ನನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಯಾರೋ ಅವಳನ್ನು ಕರೆದರು.

ನೆಲ ಅಗೆಯುವುದಕ್ಕೂ ಮನೆಗೊಂದು ಆಳು. ಹಾಕಿದವರೇ ಅಗೆದರು, ಸತ್ತವರ ಪರವಾಗಿ ಅವರ ಮಕ್ಕಳು ಅಗೆದರು. ಬಸ್ಸಿನ ಮನೆಯಿಂದ ನಾನೂ ಅಗೆದೆ, ಪರಶರಾಮನೂ ಅಗೆದ. ಬಸ್ಸನ್ನು ದಿನಾ ಸ್ವಲ್ಪ ಸ್ವಲ್ಪ ರಸ್ತೆಯ ಕಡೆಗೆ ಸರಿಸಿ ನಿಲ್ಲಿಸುತ್ತಿದ್ದೆವು. ಕೊನೆಯ ಸಂಜೆ ಬುತ್ತಿ ಯಾರ ಮನೆಯಿಂದ ಬಂತೆಂದು ನೆನಪಿಲ್ಲ, ಯಾರಿಗೂ ಅದು ಕೊನೆಯದೆಂದು ಗಮನವಿರಲಿಲ್ಲ. ಎಲ್ಲರೂ ಕೆರೆಯ ಕಡೆ ನೋಡುತ್ತಿದ್ದರು. ಪರಶರಾಮ ರಂಜಕ ನೆಕ್ಕುತ್ತ "ಈರಣ್ಣಾ, ನೀ ಇನ್ನ ಏನ್ ಮಾಡ್ತಿ?" ಎಂದು ಕೇಳಿದ. "ಏನ್ ಮಾಡೂದು, ಡ್ಯೂಟಿ ಮಾಡೂದು" ಎಂದೆ.

ಕೆರೆ ತುಂಬಿದ್ದನ್ನು ನಾನು ನೋಡಲಿಲ್ಲ. ಅಷ್ಟೊತ್ತಿಗೆ ನನ್ನನ್ನು ಜಾಂಬೋಟಿ ಮಾರ್ಗಕ್ಕೆ ಹಾಕಿದ್ದರು, ಹಗಲು ಹೋಗಿ ಹಗಲೇ ಮರಳುವ ಬಸ್ಸು. ಅಲ್ಲಿಯ ಮಳೆಯಲ್ಲಿ ಗದ್ದೆಗಳೆಲ್ಲ ಕೆರೆಯಂತೆ ನಿಂತಿದ್ದನ್ನು ಕಿಟಕಿಯಿಂದ ನೋಡುತ್ತ, ಅಲ್ಲಿ ಎಷ್ಟು ಬಂದಿದೆಯೋ ಎಂದುಕೊಳ್ಳುತ್ತಿದ್ದೆ. ಒಂದು ದಿನ ಖಾನಾಪುರ ಸ್ಟ್ಯಾಂಡಿನಲ್ಲಿ ಆ ಊರಿನ ಕಾಲೇಜು ಹುಡುಗಿಯೊಬ್ಬಳು ಓಡಿ ಬಂದು, "ಕೆರಿ ಕೋಡಿ ಬಿತ್ತರೀ ಕಂಡಕ್ಟರ್! ನಿನ್ನೆ ಕೆರಿ ಗಂಗವ್ವಗ ಉಡಿ ತುಂಬಿದ್ರು, ಊರಿಗೆಲ್ಲಾ ಹೋಳಿಗಿ ಊಟಾ!" ಎಂದಳು. ಭಾಳ ಛಲೋ ಆತವಾ ಎಂದೆ. ಖರೇನೇ ಖುಷಿಯಾಗಿತ್ತು. ಸಂಜೆ ಕೋಣೆಗೆ ಬಂದ ಮೇಲೆ, ಮನೆಗೊಬ್ಬರಂತೆ ಪಂಕ್ತಿಯಲ್ಲಿ ಕೂತಾಗ ಯಾರಾದರೂ ಬಸ್ಸಿನ ಮನೆ ಎಂದು ಕೂಗಿದರೋ ಇಲ್ಲವೋ ಎಂದು ಯೋಚಿಸಿದೆ. ಮರುವರ್ಷ ಪರಶರಾಮ ಎದೆನೋವಿನಿಂದ ತೀರಿಕೊಂಡ. ಅವನ ಮಣ್ಣಿಗೆ ಹೋಗಿ ಬಂದೆ. ನಾನು ನಿವೃತ್ತನಾದೆ. ಆ ಊರಿಗೆ ಹೋಗಲು ನನಗೆ ಕೆಲಸವೇ ಇರಲಿಲ್ಲ.

ಮೊನ್ನೆ ಆ ಮಣ್ಣಿನ ವಾಸನೆ ಮೂಗಿಗೆ ಹತ್ತಿದ್ದು ಬಿಡಲಿಲ್ಲ. ಮರುದಿನ ಪ್ಯಾಸೆಂಜರಾಗಿ ಬಸ್ಸು ಹತ್ತಿದೆ. ಕ್ರಾಸಿನಲ್ಲಿ ಇಳಿದರೆ ಇಮಾಮಸಾಬರ ಅಂಗಡಿ ಅಲ್ಲೇ ಇತ್ತು. ಅವರಿಗೆ ಗಡ್ಡವೆಲ್ಲ ಬೆಳ್ಳಗಾಗಿತ್ತು, ಗುರುತು ಹಿಡಿದು ಎದ್ದು ಬಂದು ಕೈ ಹಿಡಿದುಕೊಂಡರು. ಇಬ್ಬರೂ ಮೆಲ್ಲಗೆ ನಡೆದು ಕೆರೆಗೆ ಹೋದೆವು. ನಮ್ಮ ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಗುಡ್ಡದ ನೀರು ಕೆಂಪಗೆ ಒಳಗಿಳಿಯುತ್ತಿತ್ತು, ಒಳಗೆ ಹೋದಷ್ಟೂ ತಿಳಿಯಾಗುತ್ತಿತ್ತು. ನೀರ್ಕೋಳಿಗಳು ಇದ್ದವು. ನಾನು ಮಲಗುತ್ತಿದ್ದ ಹಿಂದಿನ ಸೀಟು ಸುಮಾರು ಎಲ್ಲಿ ಬರುತ್ತದೆಂದು ಕಣ್ಣಲ್ಲೇ ಅಳೆದೆ. ಅಲ್ಲಿ ಒಂದು ಕೋಳಿ ಮುಳುಗಿ ಎದ್ದಿತು.

ನೀಲಕ್ಕ ಸುದ್ದಿ ಕೇಳಿ ದಂಡೆಗೇ ಬಂದಳು. ದನಿ ಮೊದಲಿನಷ್ಟಿರಲಿಲ್ಲ. "ಪರಶರಾಮಣ್ಣ ಹೋದದ್ದ ಗೊತ್ತಾತ್ರಿ" ಎಂದಳು. ಆಮೇಲೆ, "ಉಂಡ ಹೋಗ್ರಿ" ಎಂದಳು.

"ಈಗ ಬರೂದs ಕಡೀ ಬಸ್ಸರಿ. ವಸ್ತಿ ಇಲ್ಲಲ್ಲ" ಎಂದೆ. ಮೂವರೂ ನಕ್ಕೆವು, ಆದರೆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ಅವಳು ಸರಸರ ಮನೆಯ ಕಡೆ ಹೋದಳು.

ಕ್ರಾಸಿನಲ್ಲಿ ಬಸ್ಸು ತಿರುಗಿ ನಿಂತಿತು. ಕಂಡಕ್ಟರ್ ಚಿಕ್ಕ ವಯಸ್ಸಿನವನು, "ಲಗೂನ ಹತ್ತರಿ ಕಾಕಾ" ಎಂದು ಅವಸರ ಮಾಡಿದ. ನಾನೂ ಎಷ್ಟು ಮುದುಕರಿಗೆ ಹಾಗೆ ಅವಸರ ಮಾಡಿದ್ದೇನೋ! ಹತ್ತಿ ಕೂತೆ. ಬಸ್ಸು ಇನ್ನೇನು ಹೊರಡಬೇಕು, ನೀಲಕ್ಕ ಸೆರಗು ಬಿಗಿದುಕೊಂಡು ಏದುಸಿರು ಬಿಡುತ್ತ ಬಂದು ಕಿಟಕಿಯ ಮೂಲಕ ಒಂದು ಬಟ್ಟೆಯ ಗಂಟನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ಇವತ್ತ ನಮ್ಮ ಪಾಳಿ ಇತ್ತರೀ" ಎಂದಳು.

ಪಾಳಿ ನಿಂತು ವರ್ಷಗಳಾಗಿದ್ದವು. ಬಸ್ಸು ಹೊರಟಿತು.

ದಾರಿಯಲ್ಲಿ ಗಂಟು ಬಿಚ್ಚಲಿಲ್ಲ, ತೊಡೆಯ ಮೇಲೆ ಬೆಚ್ಚಗಿತ್ತು. ಶಹಾಪುರಕ್ಕೆ ಬಂದಾಗ ಮಗ್ಗಗಳು ನಿಂತಿದ್ದವು. ಕೋಣೆಯ ದೀಪ ಹಾಕಿ, ಕೈ ತೊಳೆದು ಕೂತು ಬಿಚ್ಚಿದೆ. ರೊಟ್ಟಿ, ಪಲ್ಯ, ಒಂದು ಡಬ್ಬಿಯಲ್ಲಿ ಮೊಸರು, ಇನ್ನೊಂದು ಸಣ್ಣ ಡಬ್ಬಿಯಲ್ಲಿ ರಂಜಕ. ಬುತ್ತಿ ಇಬ್ಬರದಿತ್ತು. ಮೊಸರಿನ ಡಬ್ಬಿಯನ್ನು ಆಚೆ ಸರಿಸಿಟ್ಟೆ. ಪರಶರಾಮನ ರಂಜಕವನ್ನು ರೊಟ್ಟಿಗೆ ಹಚ್ಚಿಕೊಂಡು, ಒಂದು ಚೂರೂ ಬಿಡದೆ, ಅವನ ಪಾಲನ್ನು ಮೊದಲು ತಿಂದೆ. ವಿಪರೀತ ಖಾರವಿತ್ತು.